ಸಲಿಂಗ ಪ್ರೇಮದ ಬಗೆಗಿನ ಮನೋಭಾವವನ್ನು ಅಳೆಯುವಾಗ

ಭಿನ್ನಲಿಂಗಿಗಳು, ಅಂದರೆ ವಿರುದ್ಧ ಲಿಂಗದವರತ್ತ ಆಕರ್ಷಿತರಾಗುವವರು, ಸಲಿಂಗ ಪ್ರೇಮಿಗಳನ್ನು ಹೇಗೆ ಕಾಣುತ್ತಾರೆಂಬುದನ್ನು ಅಳೆಯಲು ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೆಗರಿ ಹೆರೆಕ್ 1980ರ ದಶಕದಲ್ಲಿ ರೂಪಿಸಿದ ಮಾಪನವನ್ನು (ಒಪ್ಪಿಗೆ ಕೇಳುವ ಹೇಳಿಕೆಗಳ ಪಟ್ಟಿಯನ್ನು), ಅಂಥದ್ದನ್ನು ಕನ್ನಡಕ್ಕೆ ತರಹೊರಟ ನಾವು ಮೊದಲು ಓದಿಕೊಳ್ಳಬೇಕು. ಅದರ ಪೂರ್ಣ ರೂಪದ 20 ಹೇಳಿಕೆಗಳಲ್ಲಿ 10 ಸಲಿಂಗಿ ಪುರುಷರನ್ನು, ಉಳಿದ 10 ಸಲಿಂಗಿ ಸ್ತ್ರೀಯರನ್ನು ಕುರಿತಿವೆ. ಭಿನ್ನಲಿಂಗಿ ಗಂಡಸರು ಸಲಿಂಗಿ ಸ್ತ್ರೀಯರಿಗಿಂತ ಸಲಿಂಗಿ ಪುರುಷರ ಬಗ್ಗೆ ಹೆಚ್ಚು ಅಸಹನೆ ತೋರುವುದು ಅಲ್ಲಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವುದರಿಂದ, ಎರಡನ್ನೂ ಬೆರೆಸಿ ಕೇಳಿದರೆ ಆ ವ್ಯತ್ಯಾಸ ಮರೆಯಾಗುತ್ತದೆ.

ಅಂಕ ಹಾಕುವ ಕ್ರಮ ಸರಳವಾದದ್ದು. ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ 1ರಿಂದ 5ರ ಐದು ಹಂತಗಳಿದ್ದರೆ, ಎಲ್ಲ ಹೇಳಿಕೆಗಳ ಅಂಕವೂ ಒಂದೇ ದಿಕ್ಕಿಗಿರುವಂತೆ ಅನುಕೂಲಕರ ಹೇಳಿಕೆಗಳ ಅಂಕವನ್ನು 6ರಿಂದ ಕಳೆದು ತಿರುಗಿಸಿಕೊಳ್ಳಬೇಕು. ಆದರೆ ಕನ್ನಡದಲ್ಲಿ ‘ಇದು ತಪ್ಪಲ್ಲ’ ಎಂಬ ಹೇಳಿಕೆಗೆ ‘ಒಪ್ಪುವುದಿಲ್ಲ’ ಎಂದು ಗುರುತು ಹಾಕುವಾಗ ಎರಡು ನಿಷೇಧಗಳು ಒಂದರ ಮೇಲೊಂದು ಬಂದು, ಎಷ್ಟೋ ಜನ ತಮ್ಮ ಅಭಿಪ್ರಾಯಕ್ಕೆ ತದ್ವಿರುದ್ಧವಾದ ಗುರುತು ಹಾಕಿಬಿಡುತ್ತಾರೆ. ಅಂಥ ವಾಕ್ಯವನ್ನು ಕೈಬಿಟ್ಟು, ‘ಇಬ್ಬರು ಗಂಡಸರು ಸಂಸಾರ ಹೂಡಿದರೆ ನಾನು ಅವರ ಮನೆಗೆ ಊಟಕ್ಕೆ ಹೋಗುತ್ತೇನೆ’ ಎಂಬಂತೆ ನೇರವಾಗಿ ಬರೆಯುವುದು ಮೇಲು.

ನನಗೆ ಇದಕ್ಕಿಂತ ದೊಡ್ಡ ಪಾಠವಾದದ್ದು ಧಾರವಾಡದ ನಮ್ಮ ಬಾಡಿಗೆ ಮನೆಯ ಕಟ್ಟೆಯ ಮೇಲೆ. ಸಲಿಂಗಿ ಪುರುಷರ ಬಗೆಗಿನ ಕರಡು ಹೇಳಿಕೆಯೊಂದನ್ನು ಓದಿ ಹೇಳಿದಾಗ, ಶೇಂಗಾ ಸುಲಿಯುತ್ತ ಕುಳಿತಿದ್ದ ಪಕ್ಕದ ಮನೆಯ ಅಜ್ಜಿ ಕೈ ನಿಲ್ಲಿಸಿ, “ಜೋಗಪ್ಪಗೋಳ ಸುದ್ದಿ ಕೇಳಾಕತ್ತೀಯೇನವಾ? ಅವರು ಎಲ್ಲವ್ವನ ಮಕ್ಕಳು, ಅವರಿಗೆ ಯಾಕ ಕೆಟ್ಟ ಅನ್ನೂಣು?” ಎಂದರು. ಎಲ್ಲಮ್ಮನ ಗುಡ್ಡವಿರುವ ಸವದತ್ತಿ ಇಷ್ಟು ಹತ್ತಿರವಿರುವಾಗ ಅಜ್ಜಿಯ ಮನಸ್ಸಿಗೆ, ದೇವಿಗೆ ಮುಡಿಪಾಗಿ ಹೆಣ್ಣಾಗಿ ಬಾಳುವ, ಸೀರೆಯುಟ್ಟ ಜೋಗಪ್ಪ ಬಂದದ್ದು ಸಹಜವೇ. ನಾನು ಆ ಉತ್ತರಕ್ಕೆ ಅನುಕೂಲ ಮನೋಭಾವದ ಅಂಕ ಕೊಟ್ಟಿದ್ದರೆ, ದೇವಿಯ ಮೇಲಿನ ಭಕ್ತಿಯನ್ನೇ ಸಲಿಂಗ ಪ್ರೇಮದ ಒಪ್ಪಿಗೆಯೆಂದು ಎಣಿಸಿದಂತಾಗುತ್ತಿತ್ತು. ಲಿಂಗ ಅಸ್ಮಿತೆ ಬೇರೆ, ಯಾರ ಮೇಲೆ ಆಸೆ ಮೂಡುತ್ತದೆ ಎಂಬುದು ಬೇರೆ; ಜೋಗಪ್ಪನನ್ನು ಒಳಗೆ ಕರೆದು ಪಡ್ಡಲಗಿ (ದೇವಿಯ ಬುಟ್ಟಿ) ತುಂಬುವ ಮನೆಯೇ ತನ್ನ ಮಗ ಇನ್ನೊಬ್ಬ ಗಂಡಸನ್ನು ಪ್ರೀತಿಸಿದರೆ ಬಾಗಿಲು ಹಾಕಿಕೊಳ್ಳಬಹುದು. ಅಳತೆಯ ಸಿಂಧುತ್ವ, ಅಂದರೆ ಅಳೆಯಬೇಕಾದದ್ದನ್ನೇ ಅಳೆಯುವುದು, ಎಂದು ಪಠ್ಯಗಳು ಹೇಳುವ ಮಾತಿನ ಅರ್ಥ ನನಗೆ ಅಂದೇ ಮನದಟ್ಟಾಯಿತು.

ಅನುವಾದವನ್ನು ಬೇರೊಬ್ಬರಿಂದ ಮೂಲಭಾಷೆಗೆ ಮರಳಿ ಅನುವಾದ ಮಾಡಿಸಿ ಹೋಲಿಸುವ ಪದ್ಧತಿ ಅಗತ್ಯವಾದರೂ, ಪದಗಳೆಲ್ಲ ಸರಿಯಿದ್ದೂ ಚಿತ್ರ ತಪ್ಪಿರುವ ಇಂಥ ದೋಷ ಅದರಲ್ಲಿ ಸಿಕ್ಕಿಬೀಳುವುದಿಲ್ಲ. ಆದ್ದರಿಂದ ಪೂರ್ವಪರೀಕ್ಷೆಯಲ್ಲಿ ಪ್ರತಿ ಹೇಳಿಕೆಯ ನಂತರ ‘ಇದನ್ನು ಕೇಳಿದಾಗ ನಿಮಗೆ ಯಾರು ನೆನಪಾದರು?’ ಎಂದು ವಿಚಾರಿಸಿ, ಉತ್ತರವನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಆದರೆ ಮನೆಮಂದಿಯ ಎದುರು ಕೇಳಬೇಡಿ. ಅತ್ತೆ ಪಕ್ಕದಲ್ಲಿ ಕುಳಿತಿರುವಾಗ ಸೊಸೆ ಹೇಳುವುದು ಅತ್ತೆಯ ಅಭಿಪ್ರಾಯವನ್ನೇ.