ಕಲ್ಲಿನ ಗುಣವನ್ನು ಬೋರ್‌ನೊಳಗೇ ಅಳೆಯುವ ಕಥೆ

ಆಳಕ್ಕೆ ಇಳಿದಷ್ಟೂ ಕಾವು ಏರುತ್ತದೆ ಎಂಬುದು ಗಣಿಯಲ್ಲಿ ದುಡಿದವರಿಗೆ ಹೊಸ ಸಂಗತಿಯಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರ್ ಕೆಳಗಿನ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಆದರೆ ಅದು ಅರ್ಧ ಲೆಕ್ಕ ಮಾತ್ರ. ಭೂಮಿಯ ಒಡಲಿನಿಂದ ಎಷ್ಟು ಶಾಖ ಮೇಲಕ್ಕೆ ಬರುತ್ತಿದೆ (ಇದೇ ಶಾಖಪ್ರವಾಹ) ಎಂದು ತಿಳಿಯಬೇಕಾದರೆ ಆ ಕಲ್ಲಿನ ಉಷ್ಣವಾಹಕತೆಯೂ, ಅಂದರೆ ಅದು ಶಾಖವನ್ನು ಎಷ್ಟು ಸಲೀಸಾಗಿ ಸಾಗಿಸುತ್ತದೆ ಎಂಬುದೂ, ಗೊತ್ತಿರಬೇಕು. ಸತಾಯಿಸಿದ್ದೆಲ್ಲ ಈ ಉಳಿದರ್ಧವೇ.

1837ರಲ್ಲಿ ಭೌತವಿಜ್ಞಾನಿ ಜೇಮ್ಸ್ ಫೋರ್ಬ್ಸ್ ಸ್ಕಾಟ್ಲೆಂಡಿನ ಎಡಿನ್‌ಬರೊದ ಕಾಲ್ಟನ್ ಗುಡ್ಡದ ಬಂಡೆ ಕೊರೆಸಿ, ಉದ್ದನೆಯ ಥರ್ಮಾಮೀಟರ್‌ಗಳನ್ನು ಹೂಳಿಸಿದರು. ಅತಿ ಆಳದ್ದು 24 ಫ್ರೆಂಚ್ ಅಡಿ, ಅಂದರೆ ಸುಮಾರು 7.8 ಮೀಟರ್. ಮೇಲಿನ ಬೇಸಿಗೆಯ ಬಿಸಿ ಅಲ್ಲಿಗೆ ತಲುಪುವಾಗ ಜನವರಿ! ಈ ವಿಳಂಬದಿಂದಲೇ ಕಲ್ಲಿನ ಗುಣವನ್ನು ಲೆಕ್ಕ ಹಾಕಬಹುದು. ಭೌತವಿಜ್ಞಾನಿ ಕೆಲ್ವಿನ್ 1862ರಲ್ಲಿ, ಭೂಮಿ ತಣಿಯಲು ಹಿಡಿದ ಕಾಲದ ಲೆಕ್ಕದಿಂದ ಇಡೀ ಭೂಮಿಯ ವಯಸ್ಸನ್ನು ಎಣಿಸಿದಾಗ ಎಡಿನ್‌ಬರೊದ ಇಂಥ ಅಳತೆಗಳನ್ನೇ ನೆಚ್ಚಿಕೊಂಡಿದ್ದರು. ಧೈರ್ಯ ಮೆಚ್ಚಬೇಕು.

ಆಮೇಲೆ ಕೆಲಸ ಪ್ರಯೋಗಾಲಯಕ್ಕೆ ಹೋಯಿತು. 1939ರಲ್ಲಿ ಬುಲ್ಲಾರ್ಡ್ ದಕ್ಷಿಣ ಆಫ್ರಿಕಾದ, ಬೆನ್‌ಫೀಲ್ಡ್ ಬ್ರಿಟನ್ನಿನ ಶಾಖಪ್ರವಾಹದ ಅಳತೆಗಳನ್ನು ಪ್ರಕಟಿಸಿದರು. ಉಷ್ಣತೆಯನ್ನು ಬೋರ್‌ನಲ್ಲಿ ಅಳೆದು, ವಾಹಕತೆಗೆ ಕಲ್ಲಿನ ತುಂಡು ತಂದು ಪರೀಕ್ಷಿಸುವುದು ರೂಢಿಯಾಯಿತು. ಕಲ್ಲನ್ನು ಬಿಲ್ಲೆಯಂತೆ ಕೊಯ್ದು, ಉಜ್ಜಿ ನುಣುಪು ಮಾಡಿ, ಒಂದು ಬಿಸಿ, ಒಂದು ತಣ್ಣನೆಯ ಲೋಹದ ಸರಳುಗಳ ನಡುವೆ ಬಿಗಿದು ನೋಡುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು 1960ರ ದಶಕದಲ್ಲಿ ಕೆಜಿಎಫ್‌ನ ಶಾಖಪ್ರವಾಹವನ್ನು ಅಳೆದರು. ಅಷ್ಟು ಆಳದ ಗಣಿಯಿದ್ದ ಆ ನೆಲದಲ್ಲಿ ಸಿಕ್ಕ ಶಾಖಪ್ರವಾಹ ಖಂಡಗಳ ಸರಾಸರಿಗಿಂತ ಕಡಿಮೆ.

ಬಿಲ್ಲೆಯ ಲೆಕ್ಕ ನಿಖರ, ಆದರೆ ಅದು ಬಿಲ್ಲೆಯದ್ದು. ನೆಲದೊಳಗಿನ ಬಿರುಕು, ಬಿರುಕಿನ ನೀರು, ಮೇಲಿನ ಭಾರ ಯಾವುದೂ ಅದರ ಜೊತೆ ಬರುವುದಿಲ್ಲ. ಮರಳುಗಲ್ಲು ಒಣಗಿದರೆ ರಂಧ್ರಗಳಲ್ಲಿ ನೀರಿನ ಬದಲು ಗಾಳಿ ತುಂಬಿ ವಾಹಕತೆ ಇಳಿದುಬಿಡುತ್ತದೆ. ಪುಡಿಯಾಗುವ ಕಲ್ಲಂತೂ ಇಡಿಯಾಗಿ ಕೈಗೇ ಸಿಗದು. ಹಾಗಾಗಿ ಹೀಟರನ್ನೇ ಬೋರ್‌ಗೆ ಇಳಿಸಿದರೆ ಹೇಗೆ? ಬೆಕ್, ಯೇಗರ್, ನ್ಯೂಸ್ಟೆಡ್ ಎಂಬ ಮೂವರು 1956ರಲ್ಲಿ ಆಸ್ಟ್ರೇಲಿಯಾದಲ್ಲಿ ಇದನ್ನು ವಿವರಿಸಿದರು. ಒಂದೇ ಸಮನೆ ಶಾಖ ಕೊಡುತ್ತ ಹೋದರೆ, ಶಾಖವನ್ನು ಬೇಗ ಒಯ್ಯುವ ಕಲ್ಲಿನಲ್ಲಿ ಹೀಟರ್‌ನ ಉಷ್ಣತೆ ನಿಧಾನವಾಗಿ ಏರುತ್ತದೆ. ಏರುವ ವೇಗದಲ್ಲೇ ಉತ್ತರವಿದೆ. ಹೀಟರ್‌ಗೂ ಗೋಡೆಗೂ ನಡುವಿನ ಸಂದು ಮಾತ್ರ ಕಾಟ ಕೊಡುತ್ತದೆ.

ಇದಕ್ಕೆ ದೊಡ್ಡ ಬಳಕೆ ಸಿಕ್ಕಿದ್ದು ಮನೆ ಬೆಚ್ಚಗಿಡುವವರಿಂದ. ನೆಲದ ಶಾಖ ಎತ್ತುವ ಹೀಟ್ ಪಂಪ್‌ಗಳಿಗಾಗಿ ಸ್ವೀಡನ್ನಿನ ಮೊಗೆನ್‌ಸನ್ 1983ರಲ್ಲಿ ಒಂದು ವಿಧಾನ ಸೂಚಿಸಿದರು. 1990ರ ದಶಕದ ನಡುವೆ ಸ್ವೀಡನ್ ಮತ್ತು ಅಮೆರಿಕದ ಒಕ್ಲಹೋಮಾದಲ್ಲಿ ಅದನ್ನು ಸಾಗಿಸಬಲ್ಲ ಉಪಕರಣವಾಗಿಸಿದರು. ಬೋರ್‌ನಲ್ಲಿ ಯು ಆಕಾರದ ಪ್ಲಾಸ್ಟಿಕ್ ಪೈಪ್ ಇಳಿಸಿ, ಎರಡು ಮೂರು ದಿನ ಬಿಸಿನೀರು ಸುತ್ತಿಸಿ, ಹೋಗುವ ಮತ್ತು ಬರುವ ನೀರಿನ ಉಷ್ಣತೆಯನ್ನು ದಾಖಲಿಸುತ್ತಾರೆ. ನಡುವೆ ಕರೆಂಟ್ ಏರಿಳಿದರೂ ಲೆಕ್ಕ ಕೆಡುತ್ತದೆ. ಸಿಗುವುದು ಇಡೀ ಬೋರ್‌ನ ಸರಾಸರಿ. ಪದರ ಪದರದ ವಿವರ ಬೇಕೆಂದರೆ ಈಗ ಬಿಸಿ ಮಾಡುವ ತಂತಿಯ ಜೊತೆ, ಉದ್ದಕ್ಕೂ ಉಷ್ಣತೆ ಅಳೆಯಬಲ್ಲ ಆಪ್ಟಿಕ್ ಫೈಬರ್ ಇಳಿಬಿಡುತ್ತಾರೆ. ಬಂಡೆಯ ಸಂದಿನಲ್ಲಿ ನೀರು ಹರಿಯುತ್ತಿದ್ದರೆ ಅದೂ ಶಾಖ ಒಯ್ಯುವುದರಿಂದ ವಾಹಕತೆ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಅದನ್ನೇ ನಂಬಿ ಬೋರ್‌ನ ಆಳ ಕಡಿಮೆ ಮಾಡಿದವರಿಗೆ, ಒಂದು ಒಣ ವರ್ಷದಲ್ಲಿ ಆ ಹರಿವು ನಿಂತರೆ, ಚಳಿಗಾಲದಲ್ಲಿ ಶಾಖ ಸಾಲದೆ ಹೋಗಬಹುದು.