ಕೊರೊನಾ ವರ್ಷದ ಆ 2,000: ನಿಮ್ಮ ಕಂತನ್ನು ಯಾರೂ ನುಂಗಿಲ್ಲ

ಪ್ರಶ್ನೆ: 2020ರ ಏಪ್ರಿಲ್‌ನಲ್ಲಿ ಕೊರೊನಾ ಪರಿಹಾರ ಅಂತ ನಮ್ಮಪ್ಪನ ಖಾತೆಗೆ 2,000 ರೂಪಾಯಿ ಬಂತು. ಆದರೆ ಆ ಸಲದ ಪಿಎಂ ಕಿಸಾನ್ ಕಂತು ಬರಲೇ ಇಲ್ಲ. ಆ ದುಡ್ಡು ಎಲ್ಲಿ ಹೋಯಿತು?

ಉತ್ತರ: ಎಲ್ಲಿಗೂ ಹೋಗಿಲ್ಲ. ಬಂದದ್ದೇ ಅದು. ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಇನ್ನೊಮ್ಮೆ ಹೇಳುತ್ತೇನೆ, ಪಾಸ್‌ಬುಕ್ ಹಿಡಿದು ಕೂತುಕೊಳ್ಳಿ.

ಪಿಎಂ ಕಿಸಾನ್ ಅಂದರೆ ಕೇಂದ್ರ ಸರ್ಕಾರ ರೈತರ ಖಾತೆಗೆ ಹಾಕುವ ದುಡ್ಡು, ವರ್ಷಕ್ಕೆ 6,000. ಏಪ್ರಿಲ್‌ನಿಂದ ಜುಲೈ, ಆಗಸ್ಟ್‌ನಿಂದ ನವೆಂಬರ್, ಡಿಸೆಂಬರ್‌ನಿಂದ ಮಾರ್ಚ್, ಹೀಗೆ 2,000ದ ಮೂರು ಕಂತು. 2020ರ ಮಾರ್ಚ್ 26ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕೇಂದ್ರದ ಕೊರೊನಾ ಪರಿಹಾರವಾದ ಗರೀಬ್ ಕಲ್ಯಾಣ್ ಪ್ಯಾಕೇಜ್ ಘೋಷಿಸಿದರು. ಅದರಲ್ಲಿ ಪಿಎಂ ಕಿಸಾನ್ ಬಗ್ಗೆ ಇದ್ದದ್ದು ಇಷ್ಟೇ: ಜುಲೈ ಒಳಗೆ ಬರಬೇಕಿದ್ದ ಕಂತನ್ನು ಏಪ್ರಿಲ್ ಮೊದಲ ವಾರದಲ್ಲೇ 8.7 ಕೋಟಿ ರೈತರಿಗೆ ಹಾಕುತ್ತೇವೆ. ಕಂತು ಬೇಗ ಬಂತು. ಒಂದು ರೂಪಾಯಿಯೂ ಜಾಸ್ತಿ ಬರಲಿಲ್ಲ.

ನಂಬಿಕೆ ಬರಲ್ವಾ? ಮುಂದಿನ ಪುಟ ತಿರುಗಿಸಿ. ಆಗಸ್ಟ್ 9ರಂದು ಒಂದು ಕಂತು ಬಿಡುಗಡೆಯಾಯಿತು, ಡಿಸೆಂಬರ್ 25ರಂದು ಇನ್ನೊಂದು. ಏಪ್ರಿಲ್‌ದನ್ನು ಸೇರಿಸಿ ಕೂಡಿ. 6,000 ಸರಿಹೋಯಿತಲ್ಲ? ಇನ್ನು ಪಾಪದ ಗ್ರಾಮ ಲೆಕ್ಕಿಗರನ್ನು ಸುಮ್ನೆ ಬೈಯಬೇಡಿ. ಮೂರರಲ್ಲಿ ಒಂದು ನಿಜವಾಗಿಯೂ ಇಲ್ಲದಿದ್ದರೆ ಆಧಾರ್‌ನ ಹೆಸರು, ಖಾತೆ ನಂಬರ್ ನೋಡಿಸಿ. ಅದಕ್ಕೂ ಕೊರೊನಾಕ್ಕೂ ಸಂಬಂಧವಿಲ್ಲ.

"ಪಕ್ಕದ ಮನೆಯವರಿಗೆ ಇನ್ನೂ ಒಂದು 2,000 ಬಂದಿದೆ" ಅನ್ನುವವರು ಬೇರೆ ಇದ್ದಾರೆ. ಬಂದಿರಬಹುದು. 2019ರಲ್ಲಿ ಯಡಿಯೂರಪ್ಪ ಸರ್ಕಾರ ಕೇಂದ್ರದ 6,000ಕ್ಕೆ ತನ್ನ 4,000 ಸೇರಿಸಿತ್ತು, 2,000ದ ಎರಡು ಕಂತಾಗಿ. ಅದೇ ಮೊತ್ತ, ಅದೇ ಖಾತೆ. ಜೊತೆಗೆ ಹೆಂಗಸರ ಜನಧನ್ ಖಾತೆಗೆ ಏಪ್ರಿಲ್‌ನಿಂದ ಜೂನ್‌ವರೆಗೆ ತಿಂಗಳಿಗೆ 500. ಹೊಸದಾಗಿ ಬಂದ ದುಡ್ಡು ಆ 500. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ!

ಬೆಳೆಗೆ ಅಂತಲೇ ಕೊಟ್ಟ ಕೊರೊನಾ ಪರಿಹಾರ ನಮ್ಮ ರಾಜ್ಯದಲ್ಲಿ ಮೇ ತಿಂಗಳಲ್ಲಿ ಘೋಷಣೆಯಾಯಿತು. ಜಾತ್ರೆ, ಮದುವೆ, ದೇವಸ್ಥಾನ ಎಲ್ಲ ನಿಂತು ಹೂವು ಕೇಳುವವರಿರಲಿಲ್ಲ. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000, ಒಂದು ಹೆಕ್ಟೇರ್‌ಗೆ ಮಾತ್ರ. ಮುಸುಕಿನ ಜೋಳದವರಿಗೆ ತಲಾ 5,000, ಸುಮಾರು 10 ಲಕ್ಷ ಮಂದಿಗೆ. ಕೋಳಿ ತಿಂದರೆ ಕೊರೊನಾ ಬರುತ್ತದೆ ಅನ್ನುವ ಸುಳ್ಳು ಹಬ್ಬಿ, ಕೋಳಿ ಫಾರಂಗಳು ಮಂಕಾಗಿ, ಕೋಳಿಗೆ ಮೇವಾಗುವ ಮುಸುಕಿನ ಜೋಳದ ಬೆಲೆ ಕ್ವಿಂಟಾಲ್‌ಗೆ 1,760ರ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಿತ್ತು.

ಯಾರೂ ಕೇಳದ ಒಂದು ಪ್ರಶ್ನೆಯನ್ನು ನಾನೇ ಎತ್ತುತ್ತೇನೆ. ಹೊಲವನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಮಾತಿನ ಮೇಲೆ ಬೇರೆಯವರ ಹೊಲ ಮಾಡಿದವರಿಗೆ ಏನು ಸಿಕ್ಕಿತು? ಪಿಎಂ ಕಿಸಾನ್ ಅಂತೂ ಇಲ್ಲ. ಅದು 2019ರ ಫೆಬ್ರವರಿ 1ಕ್ಕೆ ಜಮೀನು ಯಾರ ಹೆಸರಲ್ಲಿತ್ತೋ ಅವರಿಗೆ. ಬೆಳೆ ಪರಿಹಾರವಾದರೂ ಬೆವರು ಸುರಿಸಿದವರಿಗೆ ಸಿಗಬೇಕಲ್ವಾ? ಜಮೀನಿನ ದಾಖಲೆಯಾದ ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರಿಗೆ ಜಾಗ ಇದ್ದೇ ಇದೆ. ಆದರೆ ಅಲ್ಲೂ ಸಾಮಾನ್ಯವಾಗಿ ಮಾಲೀಕರ ಹೆಸರೇ ಕೂತಿರುತ್ತದೆ. ಬೇರೆಯವರ ಹೆಸರು ಬರೆಸಲು ಮಾಲೀಕರಿಗೆ ಭಯ. ಭೂಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಆದಮೇಲೆ ಗೇಣಿಗೆ ಕೊಡುವುದೇ ಕಾನೂನಿನಲ್ಲಿ ಹೆಚ್ಚುಕಡಿಮೆ ನಿಂತುಹೋಗಿದೆ. ಫಾರಂ ನಂಬರ್ 7, ಅಂದರೆ ಗೇಣಿದಾರರ ಅರ್ಜಿ, ಹಾಕಿ ಮಾಲೀಕರ ಭೂಮಿ ಪಡೆದವರ ಕಥೆ ಕೇಳಿಯೇ ಬೆಳೆದ ಮನೆಗಳವು. ಹಾಗಾಗಿ ವಾರದ ಮಾತೆಲ್ಲ ಬಾಯಲ್ಲೇ. ಪರಿಹಾರದ ದುಡ್ಡಿನಲ್ಲಿ ಪಾಲು ಸಿಕ್ಕಿದ್ದರೂ ಅದು ಮಾಲೀಕರ ಮನಸ್ಸಿನ ಮೇಲೆ. 2021ರ ಮೇನಲ್ಲಿ ರಾಜ್ಯದ ಎರಡನೇ ಕೊರೊನಾ ಪ್ಯಾಕೇಜ್ ಬಂದಾಗ ಹೂವಿನ ಮೊತ್ತ ಹೆಕ್ಟೇರಿಗೆ 10,000ಕ್ಕೆ ಇಳಿಯಿತು. ಪಹಣಿ ನೋಡುವ ಪದ್ಧತಿ ಬದಲಾಗಲಿಲ್ಲ.