ಎಷ್ಟು ಸೆಕೆಂಡು ತಡ ಎಂಬುದರಲ್ಲೇ ಕಾರಣ ಇದೆ

ತೀರ್ಥಹಳ್ಳಿಯ ತೋಟದ ಮನೆಯಿಂದ ಅಡಿಕೆ ಧಾರಣೆ ತರುವ ಪುಟ್ಟ ಪೈಥಾನ್ ಪ್ರೋಗ್ರಾಮ್ ಒಂದನ್ನು ಬರೆದಿದ್ದೀರಿ ಎಂದುಕೊಳ್ಳಿ. ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ನಾಲ್ಕು ಮಾರುಕಟ್ಟೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ನಾಲ್ಕು ಬಗೆ. ಒಟ್ಟು 16 ಸಲ ಸರ್ವರನ್ನು ಕೇಳಬೇಕು. ಬ್ರೌಸರಿನಲ್ಲಿ ಥಟ್ಟನೆ ಬರುವ ಮಾಹಿತಿಗೆ ಪ್ರೋಗ್ರಾಮ್ ಮಾತ್ರ ತೂಕಡಿಸುತ್ತದೆ. ಆಗ ಹೆಚ್ಚಿನವರು ದೂರುವುದು ಸುರಕ್ಷಿತ ವೆಬ್ ಸಂಪರ್ಕವಾದ ಎಚ್‌ಟಿಟಿಪಿಎಸ್‌ನ ಗೂಢಲಿಪಿಯನ್ನು. ಈಗಿನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಅದಕ್ಕೆಂದೇ ಪ್ರತ್ಯೇಕ ಸೂಚನೆಗಳಿವೆ. ಆ ಲೆಕ್ಕಾಚಾರಕ್ಕೆ ಹಿಡಿಯುವ ಹೊತ್ತು ಗಣನೆಗೇ ಬಾರದಷ್ಟು. ಸಮಯ ತಿನ್ನುವುದು ಸರ್ವರಿಗೆ ಹೋಗಿಬರುವ ಓಡಾಟ.

ಸೇತುವೆಯಾಗುವ ಮುಂಚೆ ಸಿಗಂದೂರಿಗೆ ಲಾಂಚಿನಲ್ಲಿ ದಾಟುತ್ತಿದ್ದವರಿಗೆ ಇದು ಗೊತ್ತು: ಕೈಯಲ್ಲಿ ಒಂದು ಚೀಲವಿರಲಿ ಹತ್ತಿರಲಿ, ದಾಟುವ ಹೊತ್ತು ಅಷ್ಟೇ, ಎಷ್ಟು ಸಲ ದಾಟಿದಿರಿ ಎಂಬುದಷ್ಟೇ ಲೆಕ್ಕ. ಹೊಸ ಸುರಕ್ಷಿತ ಸಂಪರ್ಕಕ್ಕೆ ಟಿಸಿಪಿ (ಎರಡು ಕಂಪ್ಯೂಟರ್‌ಗಳನ್ನು ಕೂಡಿಸುವ ನಿಯಮಾವಳಿ) ಕೈಕುಲುಕಲು ಒಂದು ಸುತ್ತು, ಅಂದರೆ ಒಮ್ಮೆ ಹೋಗಿಬರುವುದು, ಅದರ ಮೇಲೆ ಗೂಢಲಿಪಿ ಹೊಂದಿಸುವ ಟಿಎಲ್‌ಎಸ್‌ನ 1.2 ಆವೃತ್ತಿಯಾದರೆ ಇನ್ನೆರಡು ಸುತ್ತು, ಆಮೇಲೆ ನಿಜವಾದ ಪ್ರಶ್ನೆ-ಉತ್ತರಕ್ಕೆ ಒಂದು. 2018ರಲ್ಲಿ ಬಂದ ಟಿಎಲ್‌ಎಸ್ 1.3 ನಡುವಿನ ಎರಡನ್ನು ಒಂದಕ್ಕೆ ಇಳಿಸಿತು. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹಾಗಾಗಿ 300 ಕಿ.ಮೀ. ಆಚೆಯ ಬೆಂಗಳೂರಿಗೆ ಹೋಗಿಬರಲು 3 ಮಿಲಿಸೆಕೆಂಡು ಸಾಕು. ಆದರೆ ಮಳೆಗಾಲದಲ್ಲಿ ಒದ್ದೆ ಎಲೆಗಳ ನಡುವೆ ಹಾದುಬರುವ ದುರ್ಬಲ 4ಜಿ ಸಿಗ್ನಲ್ಲಿನಲ್ಲಿ ಒಂದು ಸುತ್ತಿಗೆ 80 ಮಿಲಿಸೆಕೆಂಡು ಹಿಡಿದರೂ ಅಚ್ಚರಿಯಿಲ್ಲ.

ಈ 80ನ್ನೇ ಇಟ್ಟುಕೊಂಡು ಲೆಕ್ಕ ಹಾಕಿ. ಟಿಎಲ್‌ಎಸ್ 1.2ರಲ್ಲಿ ಪ್ರತಿ ವಿನಂತಿಗೂ ಹೊಸ ಸಂಪರ್ಕ ತೆರೆದರೆ ನಾಲ್ಕು ಸುತ್ತು, ಅಂದರೆ 320 ಮಿಲಿಸೆಕೆಂಡು. 16 ವಿನಂತಿಗೆ 5.12 ಸೆಕೆಂಡು. ಒಂದೇ ಸಂಪರ್ಕವನ್ನು ಮತ್ತೆ ಮತ್ತೆ ಬಳಸಿದರೆ ಮೊದಲಿಗೆ 240, ಆಮೇಲೆ ಒಂದೊಂದಕ್ಕೆ 80, ಒಟ್ಟು 1.52 ಸೆಕೆಂಡು. ಪೈಥಾನಿನ ರಿಕ್ವೆಸ್ಟ್ಸ್ ಗ್ರಂಥಾಲಯದಲ್ಲಿ ನೇರವಾಗಿ ಗೆಟ್ ಎಂದು ಕರೆದರೆ ಪ್ರತಿ ಸಲವೂ ಹೊಸ ಸಂಪರ್ಕವೇ. ಸೆಷನ್ ಎಂಬ ವಸ್ತುವನ್ನು ಲೂಪಿನ ಹೊರಗೆ ಒಮ್ಮೆ ಸೃಷ್ಟಿಸಿ ಅದರ ಮೂಲಕ ಗೆಟ್ ಮಾಡಿದರೆ ಸಂಪರ್ಕ ಉಳಿಯುತ್ತದೆ. ಸ್ಟ್ರೀಮ್ ಆಯ್ಕೆ ಹಾಕಿದ್ದರೆ ಉತ್ತರವನ್ನು ಕೊನೆಯವರೆಗೂ ಓದಬೇಕು. ಅರ್ಧಕ್ಕೆ ಬಿಟ್ಟ ಸಂಪರ್ಕ ಮರುಬಳಕೆಗೆ ಸಿಗುವುದಿಲ್ಲ. ಸರ್ವರಿನ ಗುರುತು ಸಾಬೀತುಪಡಿಸುವ ಪ್ರಮಾಣಪತ್ರದ ಪರಿಶೀಲನೆಯನ್ನೇ ಆಫ್ ಮಾಡಿ ಎಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಅದರಿಂದ ಒಂದು ಸುತ್ತೂ ಕಡಿಮೆಯಾಗುವುದಿಲ್ಲ, ಕಳ್ಳನಿಗೆ ಬಾಗಿಲು ತೆರೆದಂತಾಗುತ್ತದೆ, ಅಷ್ಟೇ.

ತಡ ಇದಕ್ಕಿಂತ ದೊಡ್ಡದಿದ್ದರೆ ಅಳೆಯದೆ ಕೈಹಾಕಬಾರದು. ಕರ್ಲ್ ಎಂಬ ಉಪಕರಣದ ಡಬ್ಲ್ಯೂ ಆಯ್ಕೆ ಐದು ಸಮಯ ಕೊಡುತ್ತದೆ: ಸರ್ವರಿನ ಹೆಸರಿಗೆ ವಿಳಾಸ ಹುಡುಕಿದ್ದು, ಟಿಸಿಪಿ ಕೂಡಿದ್ದು, ಟಿಎಲ್‌ಎಸ್ ಮುಗಿದದ್ದು, ಮೊದಲ ಬೈಟ್ ಬಂದದ್ದು, ಒಟ್ಟು. ಎಲ್ಲವೂ ಆರಂಭದಿಂದ ಎಣಿಸಿದವು. ಒಂದೊಂದು ಹಂತದ ಸಮಯ ಬೇಕಿದ್ದರೆ ಹಿಂದಿನದನ್ನು ಕಳೆಯಬೇಕು. ಇದನ್ನು ಮರೆತು ಟಿಎಲ್‌ಎಸ್ ತಲೆಗೆ ತಪ್ಪು ಕಟ್ಟುವವರು ಬಹಳ. ಮೊದಲ ಬೈಟಿಗೇ ಕಾದರೆ ತಡ ಸರ್ವರಿನದು. ನೀವು ಮಾಡುವಂಥದ್ದು ಹೆಚ್ಚೇನೂ ಇಲ್ಲ.

ಮಿಕ್ಕ ಕಡೆ ತಡದ ಅಂಕಿಯೇ ಬಾಯಿಬಿಡುತ್ತದೆ. ಹೆಚ್ಚುಕಡಿಮೆ ಸರಿಯಾಗಿ 5 ಸೆಕೆಂಡು ನಿಂತು ಹೋದರೆ ಅದು ಡಿಎನ್‌ಎಸ್, ಅಂದರೆ ಆ ವಿಳಾಸದ ಹುಡುಕಾಟ: ಲಿನಕ್ಸಿನ ಮೂಲ ಗ್ರಂಥಾಲಯ ಜಿಲಿಬ್‌ಸಿ ಒಂದು ಉತ್ತರಕ್ಕೆ ಕಾಯುವ ಅವಧಿ ಅಷ್ಟು. ಹಳೆಯ (ಐಪಿವಿ4) ಮತ್ತು ಹೊಸ (ಐಪಿವಿ6) ಬಗೆಯ ವಿಳಾಸಗಳಿಗಾಗಿ ಅದು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕಳಿಸುತ್ತದೆ. ಕೆಲವು ಅಗ್ಗದ ರೂಟರ್‌ಗಳು ಎರಡನೆಯ ಉತ್ತರವನ್ನು ನುಂಗಿಬಿಡುತ್ತವೆ. ರಿಸಾಲ್ವ್ ಕಾನ್ಫ್ ಕಡತದಲ್ಲಿ ಸಿಂಗಲ್-ರಿಕ್ವೆಸ್ಟ್ ಎಂಬ ಆಯ್ಕೆ ಹಾಕಿದರೆ ಒಂದಾದ ಮೇಲೊಂದು ಕೇಳುತ್ತದೆ. ರಿಕ್ವೆಸ್ಟ್ಸ್‌ನ ಟೈಮ್‌ಔಟ್ ಈ ಹುಡುಕಾಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದೂ ನೆನಪಿರಲಿ. 1, 3 ಅಥವಾ 7 ಸೆಕೆಂಡಿನ ಆಸುಪಾಸಿನ ತಡವಾದರೆ ಟಿಸಿಪಿಯ ಮೊದಲ ಪ್ಯಾಕೆಟ್ (ಮಾಹಿತಿಯ ತುಣುಕು) ದಾರಿಯಲ್ಲಿ ಕಳೆದು, ಮರಳಿ ಕಳಿಸಿದ್ದು ತಲುಪಿದೆ, 6.5ಕ್ಕಿಂತ ಹಳೆಯ ಲಿನಕ್ಸ್ ಕರ್ನಲ್ ಮರುಯತ್ನ ಮಾಡುವುದು ಈ ಹೊತ್ತುಗಳಲ್ಲೇ.

ಎರಡು ನಿಮಿಷದ ಸುಮಾರಿಗೆ ಸುಮ್ಮನಿದ್ದು, ಆಮೇಲೆ ಸಲೀಸಾಗಿ ಕೆಲಸವಾದರೆ ಐಪಿವಿ6 ಮೇಲೆ ಅನುಮಾನ ಪಡಿ. ರೂಟರ್ ಐಪಿವಿ6 ವಿಳಾಸ ಹಂಚಿರುತ್ತದೆ, ದಾರಿ ಮಾತ್ರ ಎಲ್ಲೋ ಕಡಿದಿರುತ್ತದೆ. ಬ್ರೌಸರ್ ಸುಮಾರು ಕಾಲು ಸೆಕೆಂಡು ಕಾದು ಐಪಿವಿ4ನ್ನೂ ಪಕ್ಕದಲ್ಲೇ ಯತ್ನಿಸುತ್ತದೆ. ರಿಕ್ವೆಸ್ಟ್ಸ್ ಹಾಗಲ್ಲ, ಮೊದಲ ವಿಳಾಸ ಪೂರ್ತಿ ಸೋತ ಮೇಲಷ್ಟೇ ಮುಂದಿನದು. ಬ್ರೌಸರಿನಲ್ಲಿ ಚೆನ್ನಾಗಿಯೇ ಬರುತ್ತದಲ್ಲ ಎಂಬ ಗೊಂದಲಕ್ಕೆ ಮುಖ್ಯ ಕಾರಣಗಳಲ್ಲಿ ಇದೊಂದು. ಕರ್ಲ್‌ಗೆ ಒಮ್ಮೆ 4, ಒಮ್ಮೆ 6 ಆಯ್ಕೆ ಕೊಟ್ಟು ಹೋಲಿಸಿದರೆ ಗೊತ್ತಾಗುತ್ತದೆ. ಕೂಡುವ ಟೈಮ್‌ಔಟನ್ನು 3.05 ಸೆಕೆಂಡಿಗೆ ಇಟ್ಟರೆ ಕನಿಷ್ಠ ಎರಡು ಮರುಯತ್ನಕ್ಕೆ ಅವಕಾಶವೂ ಸಿಗುತ್ತದೆ, ನಿಮಿಷಗಟ್ಟಲೆ ಕಾಯುವುದೂ ತಪ್ಪುತ್ತದೆ. ಟೈಮ್‌ಔಟ್ ಕೊಡದಿದ್ದರೆ ರಿಕ್ವೆಸ್ಟ್ಸ್ ಉತ್ತರಕ್ಕಾಗಿ ಕೊನೆಯಿಲ್ಲದೆ ಕಾಯುತ್ತದೆ.

ಟಿಸಿಪಿ ಕೂಡಿತು, ಟಿಎಲ್‌ಎಸ್ ಮಾತ್ರ ಮುಗಿಯುವುದೇ ಇಲ್ಲ ಎಂಬುದು ಎಲ್ಲಕ್ಕಿಂತ ತಲೆ ತಿನ್ನುವ ರೋಗ. ಮನೆಯ ಫೈಬರ್ ಸಂಪರ್ಕ ಪಿಪಿಪಿಒಇ ಎಂಬ ಲಾಗಿನ್ ವಿಧಾನದ ಮೂಲಕವಾದರೆ ಪ್ರತಿ ಪ್ಯಾಕೆಟ್‌ನಲ್ಲಿ 8 ಬೈಟ್ ಅದರ ಪಾಲಿಗೆ ಹೋಗಿ, 1500ರ ಬದಲು 1492 ಉಳಿಯುತ್ತದೆ. ಕೈಕುಲುಕುವ ಪ್ಯಾಕೆಟ್‌ಗಳು ಚಿಕ್ಕವು, ತೂರಿಹೋಗುತ್ತವೆ. ಸರ್ವರ್ ಕಳಿಸುವ ಪ್ರಮಾಣಪತ್ರಗಳ ಸರಣಿ ಕೆಲವು ಕಿಲೋಬೈಟ್ ಇದ್ದು, ಪ್ಯಾಕೆಟ್ ತುಂಬಿ ಬರುತ್ತದೆ. ಇದು ಹಿಡಿಸುವುದಿಲ್ಲ ಎಂದು ದಾರಿಯ ರೂಟರ್ ಐಸಿಎಂಪಿ ಎಂಬ ದೋಷ-ಸೂಚನೆಯ ಸಂದೇಶ ಕಳಿಸುತ್ತದೆ. ಐಸಿಎಂಪಿ ಅಂದರೇ ಅಪಾಯ ಎಂದು ನಂಬಿದ ಯಾವುದೋ ಫೈರ್‌ವಾಲ್ ಅದನ್ನು ತಡೆಯುತ್ತದೆ. ಸರ್ವರ್ ಅದೇ ಪ್ಯಾಕೆಟನ್ನು ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ. ಪರೀಕ್ಷೆ ಸುಲಭ: ನಿಮ್ಮ ಕಂಪ್ಯೂಟರಿನ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 1400ಕ್ಕೆ ಇಳಿಸಿ. ಆಗ ಚಿಕ್ಕ ಪ್ಯಾಕೆಟ್ ಕಳಿಸಿ ಎಂದು ಸಂಪರ್ಕದ ಆರಂಭದಲ್ಲೇ ಸರ್ವರಿಗೆ ಹೇಳಿದಂತಾಗುತ್ತದೆ. ಸಂಪರ್ಕ ತಕ್ಷಣ ಸರಿಯಾದರೆ ಕಳ್ಳ ಸಿಕ್ಕಿಬಿದ್ದ. ಶಾಶ್ವತ ಪರಿಹಾರಕ್ಕೆ ರೂಟರಿನಲ್ಲಿ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ಹಿಡಿಯುವ ನಿಜವಾದ ಮಾಹಿತಿ) ಮಿತಿಯನ್ನು 1452ಕ್ಕೆ ಕಟ್ಟಿಹಾಕಿ.

ಇದೇ ತೊಂದರೆ ಈಗ ಎದುರು ದಿಕ್ಕಿನಿಂದಲೂ ಬರಬಹುದು. 2025ರಲ್ಲಿ ಬಂದ, ಟಿಎಲ್‌ಎಸ್ ನಡೆಸುವ ಗ್ರಂಥಾಲಯ ಓಪನ್‌ಎಸ್‌ಎಸ್‌ಎಲ್ 3.5 ಕ್ವಾಂಟಂ ಕಂಪ್ಯೂಟರಿಗೂ ಬಗ್ಗದ ಕೀಲಿಯನ್ನು ಮೊದಲ ಸಂದೇಶದಲ್ಲೇ ಸೇರಿಸುತ್ತದೆ. ಕೀಲಿಯ ಭಾಗವೇ 1,216 ಬೈಟ್. ಹಾಗಾಗಿ ಸಂದೇಶ ಎರಡು ಪ್ಯಾಕೆಟ್‌ಗೆ ಹರಡಬಹುದು. ಒಂದರಲ್ಲೇ ಎಲ್ಲ ಇರಬೇಕೆಂದು ಕಾಯುವ ಹಳೆಯ ಫೈರ್‌ವಾಲ್‌ಗಳು ಅಲ್ಲಿಗೇ ಕಂಗಾಲು. ಓಪನ್‌ಎಸ್‌ಎಸ್‌ಎಲ್‌ನ ಪರೀಕ್ಷಾ ಉಪಕರಣ ಎಸ್-ಕ್ಲೈಂಟಿಗೆ ಹಳೆಯ, ಚಿಕ್ಕ ಕೀಲಿಯ ಎಕ್ಸ್25519 ಗುಂಪೊಂದನ್ನೇ ಕೊಟ್ಟು ನೋಡಿದರೆ ತಿಳಿಯುತ್ತದೆ.

ತೋಟದಲ್ಲಿ ಮಳೆ ಅಳೆಯಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟವರು ಇನ್ನೆರಡು ವಿಷಯ ಗಮನಿಸಬೇಕು. ಪ್ರತಿ ವಿನಂತಿಗೂ ಹೊಸ ಟಿಎಲ್‌ಎಸ್ ಕಾಂಟೆಕ್ಸ್ಟ್ (ಸುರಕ್ಷತೆಯ ಹೊಂದಿಕೆಗಳ ಕಟ್ಟು) ಸೃಷ್ಟಿಸಿದರೆ ನೂರಕ್ಕೂ ಹೆಚ್ಚು ಮೂಲ ಪ್ರಮಾಣಪತ್ರಗಳ ಕಡತವನ್ನು ಪ್ರತಿ ಸಲ ಓದಬೇಕು. ಲ್ಯಾಪ್‌ಟಾಪಿನಲ್ಲಿ ಅರಿವಿಗೇ ಬಾರದ ಈ ಕೆಲಸ ಪೈಯಲ್ಲಿ ಎದ್ದು ಕಾಣುತ್ತದೆ. ಕಾಂಟೆಕ್ಸ್ಟ್ ಒಂದೇ ಇರಲಿ. ಇನ್ನೊಂದು ಗಡಿಯಾರ. ಪೈ 4 ಮತ್ತು ಹಿಂದಿನವುಗಳಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟು ಎರಡು ದಿನ ಹೋಗಿ ಬಂದರೆ ಅದು ಹಳೆಯ ಸಮಯದಿಂದಲೇ ಏಳುತ್ತದೆ. ಈ ನಡುವೆ ಸರ್ವರಿನ ಪ್ರಮಾಣಪತ್ರ ನವೀಕರಣವಾಗಿದ್ದರೆ, ಅದರ ಅವಧಿ ಇನ್ನೂ ಶುರುವೇ ಆಗಿಲ್ಲ ಎಂದು ಪೈ ತಿರಸ್ಕರಿಸುತ್ತದೆ. ಪ್ರೋಗ್ರಾಮಿನಲ್ಲಿ ಮರುಯತ್ನದ ಲೂಪ್ ಇದ್ದರೆ ಹೊರಗಿನಿಂದ ನೋಡುವವರಿಗೆ ಅದು ನೆಟ್ ನಿಧಾನವಾದಂತೆಯೇ ಕಾಣುತ್ತದೆ. ಸಮಯ ಹೊಂದಾಣಿಕೆ ಮುಗಿದ ಮೇಲಷ್ಟೇ ಪ್ರೋಗ್ರಾಮ್ ಶುರುವಾಗುವಂತೆ ಲಿನಕ್ಸಿನಲ್ಲಿ ಪ್ರೋಗ್ರಾಮ್‌ಗಳನ್ನು ಶುರುಮಾಡಿಸುವ ಸಿಸ್ಟಮ್‌ಡಿಯಲ್ಲಿ ಕಟ್ಟುನಿಟ್ಟು ಮಾಡಿ. ಪೈ 5ರಲ್ಲಿ ಗಡಿಯಾರ ಬೋರ್ಡಿನಲ್ಲೇ ಇದೆ, ಅದರ ಬ್ಯಾಟರಿಯನ್ನು ಮಾತ್ರ ಬೇರೆ ಕೊಂಡು ಹಾಕಬೇಕು.